ದುಡ್ಡು ಕೊಡದೆ ಸರೋವರದ ದಡದಲ್ಲಿ

ಬೆಟ್ಟದ ಸರೋವರಕ್ಕೆ ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಮಾಡಿದ ತಪ್ಪು, ಮೂರೂ ದಿನಕ್ಕೆ ಏನಾದರೊಂದು ಟಿಕೆಟ್ ಬುಕ್ ಮಾಡಿಟ್ಟಿದ್ದು. ಎರಡನೇ ದಿನ ಮಧ್ಯಾಹ್ನ ಗುಡುಗು ಮಳೆ ಬಂತು. ದೋಣಿ ನಿಂತಿತು, ದುಡ್ಡು ವಾಪಸ್ ಬರಲಿಲ್ಲ.

ಈಗ ದುಡ್ಡು ಕೊಟ್ಟು ಮಾಡುವುದು ಒಂದೇ, ದೋಣಿ, ಅದೂ ಬೆಳಿಗ್ಗೆ. ಬಿಸಿಲೇರಿದ ಮೇಲೆ ಬೆಟ್ಟದಲ್ಲಿ ಗಾಳಿ ಏಳುತ್ತದೆ, ಅಷ್ಟರೊಳಗೆ ಹೋದರೆ ನೀರು ಸಾಮಾನ್ಯವಾಗಿ ಕನ್ನಡಿ ಥರ ಇರುತ್ತದೆ, ಹುಟ್ಟು ಹಾಕೋದು ಮಕ್ಕಳಿಗೂ ಸುಲಭ.

ಉಳಿದದ್ದೆಲ್ಲ ಪುಕ್ಕಟೆ. ಚಪ್ಪಟೆ ಕಲ್ಲು ಹುಡುಕಿ ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯುವುದರಲ್ಲೇ ಅರ್ಧ ದಿನ ಕಳೆಯಿತು. ಕಲ್ಲು ನೀರಿಗೆ ಸುಮಾರು 20 ಡಿಗ್ರಿ ಓರೆಯಾಗಿ ತಾಗಬೇಕು, ಜೊತೆಗೆ ಗಿರಗಿರ ತಿರುಗಬೇಕು. ಮಗಳ ಕಲ್ಲು 7 ಸಲ ಕುಪ್ಪಳಿಸಿತು, ನಾನು ಮುಳುಗಿಸಿದ್ದೇ ಜಾಸ್ತಿ. ರಾತ್ರಿ ಟಾರ್ಚ್ ಆರಿಸಿ 20 ನಿಮಿಷ ಸುಮ್ನೆ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಂಡು ನಕ್ಷತ್ರಗಳು ಒಂದೊಂದಾಗಿ ಕಾಣಿಸುತ್ತವೆ.

ಈಜುವಾಗ ಮಾತ್ರ ಹುಷಾರು. ಮೇಲಿನ ನೀರು ಬೆಚ್ಚಗಿದ್ದರೂ ಆಳದಲ್ಲಿ 4 ಡಿಗ್ರಿಯ ಆಸುಪಾಸು ಇರಬಹುದು. ಆಮೇಲೆ, 1000 ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ತಂಪು ಹೆಚ್ಚು, ಹಾಗಾಗಿ ಸ್ವೆಟರ್ ಮನೆಯಿಂದಲೇ ಒಯ್ಯಿರಿ. ಅಲ್ಲಿ ಕೊಂಡರೆ ಉಳಿಸಿದ್ದೆಲ್ಲ ಅದಕ್ಕೇ ಹೋಯ್ತು, ಅಲ್ವಾ?