ಪಟ್ಟಿಯಲ್ಲಿರುವ ಖನಿಜಾಂಶ, ದೇಹಕ್ಕೆ ದಕ್ಕುವ ಖನಿಜಾಂಶ

16 ಮಾರ್ಚ್ 2025, ಭಾನುವಾರ

ಇಂದಿನ ಮಧ್ಯಾಹ್ನವೆಲ್ಲ ಪೋಷಕಾಂಶಗಳ ಪಟ್ಟಿಗಳನ್ನು ಓದುವುದರಲ್ಲೇ ಕಳೆಯಿತು. ಯಾವ ಆಹಾರದಲ್ಲಿ ಎಷ್ಟು ಮಿಲಿಗ್ರಾಂ ಖನಿಜಾಂಶವಿದೆ ಎಂಬುದನ್ನು ಅವು ಅಚ್ಚುಕಟ್ಟಾಗಿ ತಿಳಿಸುತ್ತವೆ. ಆದರೆ ಅದರಲ್ಲಿ ಎಷ್ಟು ಪಾಲು ಕರುಳನ್ನು ದಾಟಿ ರಕ್ತಕ್ಕೆ ಸೇರುತ್ತದೆ ಎಂಬ, ನನ್ನ ಪಾಲಿಗೆ ಹೆಚ್ಚು ಮುಖ್ಯವೆನಿಸುವ ಸಂಗತಿಯನ್ನು ಹೇಳುವುದೇ ಇಲ್ಲ.

ಪಾಲಕ್ ಸೊಪ್ಪನ್ನೇ ತೆಗೆದುಕೊಳ್ಳೋಣ. ತೂಕಕ್ಕೆ ತೂಕ ಹೋಲಿಸಿದರೆ ಅದರ ಕ್ಯಾಲ್ಸಿಯಂ ಹಾಲಿನದಕ್ಕಿಂತ ತೀರಾ ಕಡಿಮೆಯೇನಲ್ಲ. ಆದರೆ ಸೊಪ್ಪಿನಲ್ಲಿ ಹೇರಳವಾಗಿರುವ ಆಕ್ಸಲೇಟ್ ಆ ಕ್ಯಾಲ್ಸಿಯಂ ಅನ್ನು ಕರಗದ ಲವಣವಾಗಿ ಕಟ್ಟಿಹಾಕುವುದರಿಂದ ದೇಹಕ್ಕೆ ದಕ್ಕುವುದು ಸುಮಾರು ಶೇ. 5 ಮಾತ್ರ, ಹಾಲಿನಿಂದ ಶೇ. 30ರಷ್ಟು ದಕ್ಕುತ್ತದೆ. ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನುಗಳೂ ಕ್ಯಾಲ್ಸಿಯಂ ಒದಗಿಸುತ್ತವೆ.

ಕಬ್ಬಿಣಾಂಶವಂತೂ ಇನ್ನೂ ಸೂಕ್ಷ್ಮ. ಮಾಂಸ ಮತ್ತು ಮೀನಿನಲ್ಲಿ ಹೀಮ್ ಎಂಬ ರೂಪದಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ಬೇಳೆಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಕ್ಕೆ ಜೊತೆಗಾರರ ನೆರವು ಬೇಕು: ಅದೇ ಊಟದಲ್ಲಿ ನಿಂಬೆರಸವೋ ಸೀಬೆಹಣ್ಣೋ ಇದ್ದರೆ ಅದರ ಸಿ ಜೀವಸತ್ವವು ಕಬ್ಬಿಣವನ್ನು ಹೀರಿಕೆಗೆ ಅನುಕೂಲವಾದ ರೂಪಕ್ಕೆ ತರುತ್ತದೆ, ಊಟದ ಜೊತೆಗೇ ಕುಡಿದ ಚಹಾ ಅದನ್ನು ತಡೆಯುತ್ತದೆ. ರಕ್ತಹೀನತೆಯಿಂದ ಬಳಲುವವರಿಗೆ ಬರೀ ಸೊಪ್ಪು ತಿನ್ನಿ ಎಂದು ಹೇಳಿ ಕಳುಹಿಸುವುದು ಅರ್ಧ ಸಲಹೆಯಷ್ಟೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸತುವಿನ ಕೊರತೆ ಮನುಷ್ಯರಲ್ಲೂ ಉಂಟಾಗಬಹುದೆಂಬ ಅರಿವು ಮೂಡಿದ್ದು ಇರಾನಿನ ಶಿರಾಜ್‌ನಲ್ಲಿ. ಅಲ್ಲಿ 1958ರಲ್ಲಿ ವೈದ್ಯ ಆನಂದ ಪ್ರಸಾದ್ ಅವರು 21 ವರ್ಷದವನಾದರೂ ಹತ್ತು ವರ್ಷದ ಹುಡುಗನಂತೆ ಕಾಣುತ್ತಿದ್ದ ರೋಗಿಯೊಬ್ಬನನ್ನು ಪರೀಕ್ಷಿಸಿದರು. ಅವನು ಮುಖ್ಯವಾಗಿ ಹುದುಗು ಬರಿಸದ ಗೋಧಿ ರೊಟ್ಟಿಯನ್ನು ತಿಂದು ಬದುಕುತ್ತಿದ್ದ, ಮಾಂಸಾಹಾರ ಇರಲಿಲ್ಲವೆನ್ನಬಹುದು. ಇಡೀ ಧಾನ್ಯದಲ್ಲಿ ಸತುವಿದ್ದರೂ ಅದರ ಹೊರಪದರದ ಫೈಟಿಕ್ ಆಮ್ಲ ಅದನ್ನು ಬಿಟ್ಟುಕೊಡುವುದಿಲ್ಲ. ಮುಂದೆ ಈಜಿಪ್ಟಿನ ಅಧ್ಯಯನಗಳಲ್ಲಿ ಇಂಥ ಯುವಕರಿಗೆ ಸತು ಕೊಟ್ಟಾಗ ಅವರ ಬೆಳವಣಿಗೆ ಮತ್ತೆ ಆರಂಭವಾಯಿತು. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟನ್ನು ಹುಳಿ ಬರಿಸಿದರೆ, ಫೈಟೇಸ್ ಎಂಬ ಕಿಣ್ವ ಆ ಆಮ್ಲವನ್ನು ಒಡೆಯುತ್ತದೆ. ಮೊಳಕೆಯ ಬಿಳಿ ತುದಿ ಇಣುಕುವ ಹೊತ್ತಿಗೆ ಕಾಳಿನೊಳಗೆ ಈ ಕೆಲಸ ಶುರುವಾಗಿರುತ್ತದೆ.

ಮೆಗ್ನೀಷಿಯಂ, ಪೊಟ್ಯಾಸಿಯಂಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಹಣ್ಣು, ತರಕಾರಿ, ಕಾಳು, ಬೀಜಗಳನ್ನು ಧಾರಾಳವಾಗಿ ತಿನ್ನುವವರಿಗೆ ಅವು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತವೆ.

ಅಯೋಡಿನ್ ವಿಷಯದಲ್ಲಿ ಮಾತ್ರ ಅಡುಗೆಯ ಜಾಣ್ಮೆ ಸಾಲದು. ಮಣ್ಣಿನಲ್ಲಿ ಅದಿಲ್ಲದಿದ್ದರೆ ಬೆಳೆಯಲ್ಲೂ ಇರದು. ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದಿಕೊಳ್ಳುವ ಗಳಗಂಡ ರೋಗ ವ್ಯಾಪಕವಾಗಿದ್ದ ಸ್ವಿಟ್ಜರ್ಲೆಂಡ್ 1922ರಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಲು ತೊಡಗಿದ್ದು ಇದೇ ಕಾರಣಕ್ಕೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ಗರ್ಭಿಣಿಯರಿಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಭ್ರೂಣದ ಮೆದುಳಿನ ಬೆಳವಣಿಗೆ ಅದನ್ನು ಅವಲಂಬಿಸಿದೆ. ಉಪ್ಪನ್ನು ಮಿತಗೊಳಿಸಿದವರು ಮೀನು, ಮೊಟ್ಟೆ, ಹಾಲುಗಳಿಂದ ಅದು ಸಿಗುತ್ತಿದೆಯೇ ಎಂದು ವೈದ್ಯರೊಂದಿಗೆ ಕುಳಿತು ವಿಚಾರಿಸಿಕೊಳ್ಳಬೇಕು.