ಯಾವ ಊರಿನ ಗುಡ್ಡೆ?

ಅಮೆರಿಕದಲ್ಲಿ ಪಿಎಚ್‌ಡಿ ಮಾಡುವವರಿಗೆ ಬೇಸಿಗೆ ಅಂದರೆ ರಜೆ ಅಂದುಕೊಳ್ಳುತ್ತಾರೆ ಊರಲ್ಲಿ. ನಮಗೆ ಅದು ಸಂಬಳ ಇಲ್ಲದ ಮೂರು ತಿಂಗಳು. ನಮ್ಮ ಅರ್ಥಶಾಸ್ತ್ರ ವಿಭಾಗದಲ್ಲಿ ಸ್ಟೈಪೆಂಡ್ ಬರುತ್ತಿದ್ದದ್ದು ಒಂಬತ್ತು ತಿಂಗಳಿಗೆ, ಬಾಡಿಗೆ ಕಟ್ಟಬೇಕಾದದ್ದು ಹನ್ನೆರಡು ತಿಂಗಳಿಗೆ. ಹಾಗಾಗಿ ಫೆಬ್ರವರಿ ಬಂತೆಂದರೆ ಎಲ್ಲರೂ ಪ್ರೊಫೆಸರ್‌ಗಳ ಬಾಗಿಲು ತಟ್ಟುವುದು, ಹಳೇ ಸೀನಿಯರ್‌ಗಳಿಗೆ ಮೇಲ್ ಹಾಕುವುದು ಶುರು. ನಾನಿದ್ದದ್ದು ವಾಷಿಂಗ್ಟನ್ ಡಿಸಿ ಪಕ್ಕದಲ್ಲಿ, ಅದೊಂದು ಅನುಕೂಲ. ವಿಶ್ವಬ್ಯಾಂಕ್, ಐಎಂಎಫ್, ಆಹಾರ ನೀತಿಯ ಸಂಶೋಧನೆ ಮಾಡುವ ಇಫ್‌ಪ್ರಿ ಎಲ್ಲ ಮೆಟ್ರೋ ಹತ್ತಿದರೆ ಸಿಗುವ ದೂರದಲ್ಲೇ ಇವೆ. ಅಲ್ಲೆಲ್ಲ ನಮ್ಮಂಥವರಿಗೆ ದಿನಗೂಲಿ ಲೆಕ್ಕದ ಕೆಲಸ ಇರುತ್ತದೆ. ದಿನಗೂಲಿ ಅಂತ ತಮಾಷೆಗೆ ಹೇಳುತ್ತಿಲ್ಲ. ವಿಶ್ವಬ್ಯಾಂಕಿನ ಅಲ್ಪಾವಧಿ ಕನ್ಸಲ್ಟೆಂಟ್‌ಗೆ ವರ್ಷಕ್ಕೆ 150 ದಿನದ ಮಿತಿ, ಆ ವರ್ಷವೂ ಜುಲೈ 1ಕ್ಕೆ ಶುರುವಾಗುತ್ತದೆ.

2023ರ ಬೇಸಿಗೆಯಲ್ಲಿ ನನಗೂ ಒಂದು ಕಡೆ ವಾರಕ್ಕೆ ಮೂರು ದಿನದ ಕೆಲಸ ಸಿಕ್ಕಿತು. ಎಲ್ಲಿ ಅಂತ ಹೇಳಲ್ಲ. ಮುಂದೆ ಬರುವ ಎಡವಟ್ಟು ಪೂರ್ತಿ ನನ್ನದೇ, ಅವರ ಹೆಸರು ಯಾಕೆ ಎಳೆಯಬೇಕು. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಕ್ಯಾಂಪಸ್ ಹೊರಗೆ ಹೀಗೆ ಕೆಲಸ ಮಾಡಬೇಕಾದರೆ ಸಿಪಿಟಿ ಅಂತ, ಓದಿನ ಭಾಗವಾಗಿ ದುಡಿಯುವ ಅನುಮತಿ ಬೇಕು, ಅದು ಯೂನಿವರ್ಸಿಟಿ ಕೊಡುವ ಐ-20 ಅನ್ನುವ ದಾಖಲೆಯ ಎರಡನೇ ಪುಟದಲ್ಲಿ ಅಚ್ಚಾಗಿ ಬರುವವರೆಗೆ ಒಂದು ದಿನವೂ ಕೆಲಸ ಮಾಡುವಂತಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಕ್ರೆಡಿಟ್ಟಿನ ಇಂಟರ್ನ್‌ಶಿಪ್ ಕೋರ್ಸ್ ತೆಗೆದುಕೊಳ್ಳಬೇಕಿತ್ತು. ಅಂದರೆ ದುಡಿಯೋಕೆ ಮೊದಲು ದುಡಿಯುವ ಹಕ್ಕಿಗೆ ನಾನೇ ಫೀಸ್ ಕಟ್ಟಿದೆ. ಇರಲಿ.

ಕೆಲಸ ಆಫ್ರಿಕಾದ ಮಲಾವಿ ದೇಶದ ಮನೆಮನೆ ಸಮೀಕ್ಷೆಯದು. 2016-17ರಲ್ಲಿ 12,447 ಮನೆಗಳಿಗೆ ಹೋಗಿ, ಕಳೆದ ಏಳು ದಿನದಲ್ಲಿ ಮನೆಯಲ್ಲಿ ಏನೇನು ತಿಂದಿರಿ, ಎಷ್ಟೆಷ್ಟು ಅಂತ ನೂರಕ್ಕೂ ಜಾಸ್ತಿ ಪದಾರ್ಥಗಳ ಪಟ್ಟಿ ಹಿಡಿದು ಕೇಳಿದ್ದಾರೆ. ಆ ಡೇಟಾ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ನನ್ನ ಕೆಲಸ ಆ ಊಟವನ್ನೆಲ್ಲ ಕಿಲೋಗ್ರಾಂ ಮಾಡುವುದು. ಕಿಲೋ ಗೊತ್ತಾದರೆ ಕ್ಯಾಲೊರಿ ಗೊತ್ತಾಗುತ್ತದೆ, ಬೆಲೆ ಕಟ್ಟಬಹುದು. ಬೆಲೆ ಕಟ್ಟಿದರೆ ಆ ಮನೆಯ ಖರ್ಚು, ಖರ್ಚಿಂದ ಬಡತನದ ಲೆಕ್ಕ. ಆಗ ಲೋಕಕ್ಕೆಲ್ಲ ಬಡತನದ ಗೆರೆ ದಿನಕ್ಕೆ 2.15 ಡಾಲರ್, ಈಗ ಅದನ್ನು 3 ಡಾಲರ್ ಮಾಡಿದ್ದಾರೆ. ಟಿವಿಯಲ್ಲಿ ಆ ಗೆರೆಯ ಸುದ್ದಿ ಬಂದಾಗ, ಅದರ ಬುಡದಲ್ಲಿ ಯಾರೋ ವಿದ್ಯಾರ್ಥಿ ಕೂತು ತಟ್ಟೆ ಬುಟ್ಟಿ ಎಣಿಸಿರುತ್ತಾರೆ ಅಂತ ನನಗೂ ಮೊದಲು ಗೊತ್ತಿರಲಿಲ್ಲ.

ಯಾಕೆ ಎಣಿಸಬೇಕು ಅಂದರೆ, ಯಾರೂ ಕಿಲೋದಲ್ಲಿ ಉತ್ತರ ಹೇಳುವುದಿಲ್ಲ. ಜೋಳದ ಹಿಟ್ಟು, ಅಂದರೆ ಮೆಕ್ಕೆಜೋಳದ್ದು, ಬಕೆಟ್ ಲೆಕ್ಕ. ಅದರಲ್ಲೂ ಸಣ್ಣ ಬಕೆಟ್, ದೊಡ್ಡ ಬಕೆಟ್. (ಆ ಹಿಟ್ಟಲ್ಲಿ ಮಾಡುವ ನ್ಸಿಮಾ ನೋಡಿದರೆ ನಮ್ಮ ಮುದ್ದೆಯ ಬಿಳೀ ತಮ್ಮನ ಹಾಗಿದೆ.) ಬೇರೆ ಕೆಲವಕ್ಕೆ 10 ನಂಬರ್ ತಟ್ಟೆ, 12 ನಂಬರ್ ತಟ್ಟೆ. ಸೊಪ್ಪು ಕಂತೆ. ಟೊಮೆಟೊ ಗುಡ್ಡೆ. ಸಮೀಕ್ಷೆಯವರೂ ಬುದ್ಧಿವಂತರೇ. ಗುಡ್ಡೆಗಳ ಫೋಟೋ ತೆಗೆದು, ನಿಮ್ಮದು ಸಣ್ಣದಾ, ಮಧ್ಯದ್ದಾ, ದೊಡ್ಡದಾ ಅಂತ ತೋರಿಸಿ ಕೇಳಿದ್ದಾರೆ. ಮಾರ್ಕೆಟ್ಟಿಗೆ ತಕ್ಕಡಿ ತೆಗೆದುಕೊಂಡು ಹೋಗಿ ಒಂದೊಂದನ್ನೂ ತೂಗಿ ಒಂದು ಪಟ್ಟಿಯನ್ನೂ ಮಾಡಿಟ್ಟಿದ್ದಾರೆ. ಪದಾರ್ಥ, ಅಳತೆ, ಅದರ ತೂಕ.

ಒಂದು ಭಾನುವಾರ ಫೋನ್ ಮಾಡಿದಾಗ ಅಮ್ಮನಿಗೆ ಸುಮ್ನೆ ಕೇಳಿದೆ, ಗುಬ್ಬಿ ಸಂತೆಯಲ್ಲಿ ಒಂದು ಗುಡ್ಡೆ ಟೊಮೆಟೊ ಎಷ್ಟು ಗ್ರಾಂ ಇರಬಹುದು ಅಂತ.

"ಗುಡ್ಡೆಗೆ ಯಾರೇ ತೂಕ ಹಾಕ್ತಾರೆ? ಬೆಳಗ್ಗೆ ಹೋದ್ರೆ ಚಿಕ್ಕ ಗುಡ್ಡೆ, ಸಂಜೆ ಹೋದ್ರೆ ದೊಡ್ಡದು. ದುಡ್ಡು ಅಷ್ಟೇ."

"ಅಂದಾಜು ಹೇಳಮ್ಮಾ."

"ನಿನ್ನ ಓದಿಗೆ ಇದೂ ಬೇಕಾ?" ಅಂದಳು. ಆಮೇಲೆ ಅವಳೇ ಶುರು ಮಾಡಿದಳು. ಅಜ್ಜಿ ಕಾಲದಲ್ಲಿ ಪಕ್ಕಾ ಸೇರು ಬೇರೆ, ಕಚ್ಚಾ ಸೇರು ಬೇರೆ ಇತ್ತಂತೆ. ಅಜ್ಜಿ ತವರಿಂದ ತಂದ ಸೇರಿಗೂ ನಮ್ಮನೆ ಸೇರಿಗೂ ತಾಳೆಯಾಗದೆ, ಪಕ್ಕದ ಮನೆಯವರಿಗೆ ರಾಗಿ ಸಾಲ ಕೊಡುವಾಗ ಒಂದು, ವಾಪಸ್ ಇಸ್ಕೊಳ್ಳುವಾಗ ಇನ್ನೊಂದು ಬಳಸುತ್ತಿದ್ದರು ಅಂತ ನಕ್ಕಳು. ನಾನೂ ನಕ್ಕೆ. ನಕ್ಕು ಫೋನ್ ಇಟ್ಟೆ. ತಲೆಯಲ್ಲಿ ಏನೂ ಹೊಳೆಯಲಿಲ್ಲ ನೋಡಿ.

ಏನು ಹೊಳೆಯಬೇಕಿತ್ತು ಅಂದರೆ, ಅದಕ್ಕೂ ಹತ್ತು ದಿನ ಮುಂಚೆ ರಾತ್ರಿ ಹನ್ನೊಂದಕ್ಕೆ ನಾನು ಮಾಡಿದ್ದ ಒಂದು ಕೆಲಸ. ಸ್ಟಾಟಾ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಮನೆಗಳ ಫೈಲಿಗೆ ತೂಕದ ಪಟ್ಟಿ ಜೋಡಿಸುತ್ತಿದ್ದೆ. ಪದಾರ್ಥ ಮತ್ತು ಅಳತೆ ಹೊಂದಿಸಿ ಮರ್ಜ್ ಕೊಟ್ಟರೆ ಸ್ಟಾಟಾ ಕೆಂಪಕ್ಷರದಲ್ಲಿ ಬೈದು ನಿಂತುಬಿಟ್ಟಿತು. ಪಟ್ಟಿಯಲ್ಲಿ ಒಂದೇ ಪದಾರ್ಥ, ಒಂದೇ ಅಳತೆಗೆ ಒಂದಕ್ಕಿಂತ ಜಾಸ್ತಿ ಸಾಲು ಇವೆ ಅಂತ ಅದರ ತಕರಾರು. ಹೌದು, ಮೂರು ಮೂರು ಸಾಲು ಇದ್ದವು. ಯಾರೋ ಎರಡೆರಡು ಸಲ ಟೈಪ್ ಮಾಡಿರಬೇಕು ಅಂದುಕೊಂಡೆ. ನಿದ್ದೆ ಬರುತ್ತಿತ್ತು. ಡ್ಯೂಪ್ಲಿಕೇಟ್ಸ್ ಡ್ರಾಪ್ ಅಂತ ಬರೆದೆ, ಅಂದರೆ ಮೊದಲನೇ ಸಾಲು ಇಟ್ಟುಕೊಂಡು ಉಳಿದದ್ದು ಎಸೆ ಅಂತ. ಅದಕ್ಕೂ ಸ್ಟಾಟಾ ಒಪ್ಪುವುದಿಲ್ಲ, ಮಾಹಿತಿ ಕಳೆದುಹೋಗುತ್ತದೆ, ಬೇಕೇ ಬೇಕಾದರೆ ಕೊನೆಗೆ ಒಂದು ಕಾಮಾ ಹಾಕಿ ಫೋರ್ಸ್ ಅಂತ ಬರಿ ಅನ್ನುತ್ತದೆ. ಬರೆದೆ. ಕೆಂಪು ಹೋಯಿತು. ಮರ್ಜ್ ಆಯಿತು. ಮಲಗಿದೆ.

ಜುಲೈ ಕೊನೆಯಲ್ಲಿ ಮೀಟಿಂಗ್. ನನ್ನ ಟೇಬಲ್ ಪರದೆ ಮೇಲೆ ಬಂತು. ಮಲಾವಿಯ ಉತ್ತರ, ಮಧ್ಯ, ದಕ್ಷಿಣ ಮೂರು ಭಾಗದಲ್ಲಿ ತಲೆಗೆ ಎಷ್ಟು ಕಿಲೋ ಏನು ತಿನ್ನುತ್ತಾರೆ ಅಂತ. ನಮ್ಮ ಟೀಮಿನಲ್ಲಿ ಮಲಾವಿಯವರೇ ಒಬ್ಬರಿದ್ದರು, ದಕ್ಷಿಣದ ಝೊಂಬಾ ಕಡೆಯವರು. ದೇಶದ ಅಂಕಿಅಂಶ ಕಚೇರಿ ಇರುವುದೂ ಅದೇ ಊರಲ್ಲಿ. ಮಾತು ಕಮ್ಮಿ. ಅವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ ಟೊಮೆಟೊ ಸಾಲನ್ನು ನೋಡಿದರು. ಆಮೇಲೆ ಎರಡು ಕೈ ಎತ್ತಿ, ಗಾಳಿಯಲ್ಲಿ ಒಂದು ಗುಡ್ಡೆ ಮಾಡಿ ನನಗೆ ತೋರಿಸಿದರು. ನಾಲ್ಕೈದು ಹಣ್ಣು ಹಿಡಿಸುವಷ್ಟು. "ನಮ್ಮ ಮಾರ್ಕೆಟ್ಟಲ್ಲಿ ಇಷ್ಟು," ಅಂದರು. "ಇದು ಯಾವ ಊರಿನ ಗುಡ್ಡೆ?"

ನನಗೆ ಕಿವಿ ಬಿಸಿಯಾಯಿತು. ಆ ಮೂರು ಸಾಲು! ಟೈಪಿಂಗ್ ತಪ್ಪಲ್ಲ ಅದು. ಮೂರು ಭಾಗಕ್ಕೆ ಮೂರು ತೂಕ. ಯಾರೋ ಬಿಸಿಲಲ್ಲಿ ತಕ್ಕಡಿ ಹೊತ್ತು ದೇಶದ ಉದ್ದಕ್ಕೂ ಹೋಗಿ ತೂಗಿ ತಂದಿದ್ದರಲ್ಲಿ ನಾನು ಮೊದಲನೇ ಸಾಲು, ಅಂದರೆ ಉತ್ತರದ್ದು, ಅದೊಂದನ್ನೇ ಇಟ್ಟುಕೊಂಡು ಉಳಿದೆರಡನ್ನು ಎಸೆದಿದ್ದೆ. ಇಡೀ ದೇಶ ಉತ್ತರದ ತಟ್ಟೆಯಲ್ಲಿ ಊಟ ಮಾಡಿ, ಉತ್ತರದ ಗುಡ್ಡೆ ಕೊಂಡುಕೊಂಡಿತ್ತು. ಅಮ್ಮ ಎರಡು ಸೇರಿನ ಕತೆ ಹೇಳಿ ನಗಿಸಿದ್ದರೂ ನನಗೆ ತಿಳಿಯಲಿಲ್ಲವಲ್ಲ ಅಂತ ಆಗ ಹೊಟ್ಟೆ ಉರಿಯಿತು.

ಒಂದು ಕ್ಷಣ, ನೋಡಿ ಹೇಳುತ್ತೇನೆ ಅಂತ ಜಾರಿಕೊಳ್ಳೋಣ ಅನ್ನಿಸಿತು. ಆದರೆ ಆ ಎರಡು ಕೈ ಇನ್ನೂ ಮೇಲೇ ಇದ್ದವು. ತಪ್ಪು ನನ್ನದು, ಗೊತ್ತಾಯಿತು, ಎಲ್ಲಿ ಅಂತಲೂ ಗೊತ್ತು ಅಂದೆ. ಟೀಮಿನ ಹಿರಿಯರು ಬೈಯಲಿಲ್ಲ. ಡು-ಫೈಲ್, ಅಂದರೆ ಕೋಡ್ ಬರೆದ ಫೈಲು, ಕಳಿಸು ಅಂದರು ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಸರಿ ಮಾಡೋಕೆ ಕೋಡಿನಲ್ಲಿ ಬೇಕಿದ್ದದ್ದು ಒಂದೇ ಪದ, ಭಾಗದ ಹೆಸರು. ಫೋರ್ಸ್ ಇದ್ದ ಸಾಲು ಅಳಿಸಿ, ಮರ್ಜ್‌ನಲ್ಲಿ ಅದೊಂದು ಸೇರಿಸಿದರೆ ಮುಗಿಯಿತು. ಆದರೆ ಅಲ್ಲಿಂದ ಕೆಳಗೆ ಎಲ್ಲ ಟೇಬಲ್, ಎಲ್ಲ ಗ್ರಾಫ್ ಮತ್ತೆ ಓಡಿಸಬೇಕು, ಹಳೇ ಅಂಕಿ ಹೊಸ ಅಂಕಿ ಅಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಬದಲಾಯಿತು ಅಂತ ಟಿಪ್ಪಣಿ ಬರೆಯಬೇಕು. ಎರಡು ದಿನ ಹಿಡಿಯಿತು. ಒಟ್ಟು ಕತೆ ತಲೆಕೆಳಗಾಗಲಿಲ್ಲ, ಪುಣ್ಯ. ಮಧ್ಯ, ದಕ್ಷಿಣದ ಅಂಕಿಗಳು ಮಾತ್ರ ಅಲ್ಲಲ್ಲಿ ಅಲುಗಾಡಿದವು. ಝೊಂಬಾದವರಿಗೆ ಟೊಮೆಟೊ ಸಾಲು ಕಳಿಸಿದೆ. "ಈಗ ಪರವಾಗಿಲ್ಲ" ಅಂತ ಒಂದೇ ಸಾಲಿನ ಉತ್ತರ ಬಂತು.

ತಿಂಗಳ ಕೊನೆಗೆ ಟೈಮ್‌ಶೀಟ್ ತುಂಬಬೇಕಿತ್ತು. ನನ್ನದೇ ತಪ್ಪು ತಿದ್ದಿದ ಎರಡು ದಿನಕ್ಕೆ ಕೂಲಿ ಕೇಳುವುದಾ ಬೇಡವಾ? ರೂಮ್‌ಮೇಟ್ ಹಾಕು ಅಂದಳು, ಕಟ್ಟಡ ಕಟ್ಟುವ ಮೇಸ್ತ್ರಿ ಗೋಡೆ ಒಡೆದು ಮತ್ತೆ ಕಟ್ಟಿದರೂ ಕೂಲಿ ಬಿಡುತ್ತಾನಾ ಅಂತ. ಅಮ್ಮ ಬೇಡ ಅಂದಳು. ನಾನು ಒಂದು ದಿನ ಹಾಕಿದೆ.