ರೈಲಿಳಿದು ಹಡಗು ಹತ್ತುತ್ತಿದ್ದ ಧನುಷ್ಕೋಡಿ

ರಾಮೇಶ್ವರ ದ್ವೀಪದ ತುದಿಯಲ್ಲಿರುವ ಧನುಷ್ಕೋಡಿಗೆ ಹೋದವರು ಮುರಿದ ಗೋಡೆಗಳ ಮುಂದೆ ಫೋಟೋ ತೆಗೆದುಕೊಂಡು ಬರುತ್ತಾರೆ, ಅಲ್ಲಿದ್ದ ರೈಲ್ವೆ ಸ್ಟೇಷನ್ನಿನ ಕಥೆ ಕೇಳುವವರು ಕಡಿಮೆ. 1914ರಲ್ಲಿ ದ್ವೀಪಕ್ಕೆ ಸಮುದ್ರದ ಮೇಲೆ ಪಾಂಬನ್ ರೈಲು ಸೇತುವೆ ಆದ ಮೇಲೆ ಮದ್ರಾಸಿನಿಂದ ಬೋಟ್ ಮೇಲ್ ರೈಲು ನೇರ ಇಲ್ಲಿಗೇ ಬರುತ್ತಿತ್ತು, ಇಳಿದು ಸ್ಟೀಮರ್ ಹತ್ತಿದರೆ ಸಿಲೋನಿನ ತಲೈಮನ್ನಾರ್, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊ. ಈಗ ನಂಬೋದೇ ಕಷ್ಟ, ಅಲ್ವಾ?

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಇನ್ನೇನು ಸ್ಟೇಷನ್ ಸೇರಬೇಕು, ಅಷ್ಟರಲ್ಲಿ ದೊಡ್ಡ ಅಲೆಗೆ ಸಿಕ್ಕಿತು. ನೂರಕ್ಕೂ ಜಾಸ್ತಿ ಪ್ರಯಾಣಿಕರು ಸತ್ತರು. ಊರೂ ಹೋಯಿತು.

ಕೊಚ್ಚಿಹೋದ ಪಾಂಬನ್ ಸೇತುವೆಯನ್ನು ಇ. ಶ್ರೀಧರನ್ (ಮುಂದೆ ಕೊಂಕಣ ರೈಲ್ವೆ ಕಟ್ಟಿದವರೇ) 46 ದಿನಗಳಲ್ಲಿ ಸರಿ ಮಾಡಿಸಿದರು. ಧನುಷ್ಕೋಡಿ ಕಡೆಯ ಹಳಿ ಮಾತ್ರ ಹಾಗೇ ಉಳಿಯಿತು. 2019ರಲ್ಲಿ ಮತ್ತೆ ಹಳಿ ಹಾಕಲು ಶಂಕುಸ್ಥಾಪನೆಯೇನೋ ಆಯಿತು. ನನಗಂತೂ ಆ ಮರಳನ್ನು ನಂಬಿ ರೈಲು ಬಿಡೋದು ಬೇಡ ಅನ್ನಿಸುತ್ತದೆ.